ಎಲ್ಲ ಸಂಖ್ಯೆಗಳನ್ನೂ ಒಂದರೊಳಗೊಂದು ಹೆಣೆದುಕೊಳ್ಳುವ ಸಾಲುಗಳಲ್ಲಿ ಜೋಡಿಸಬಹುದೇ?

ಜೋಡಿಸಬಹುದು, ಅದೂ ಬೇಕಾದಷ್ಟು ರೀತಿಯಲ್ಲಿ. 1, 2, 3... ಪ್ರತಿ ಸಂಖ್ಯೆಯೂ ಒಂದೇ ಸಲ ಬರಬೇಕು. ಯಾವ ಎರಡು ಸಾಲು ತೆಗೆದರೂ, ತಡವಾಗಿ ಶುರುವಾಗುವ ಸಾಲು ಬಂದ ಮೇಲೆ ಎರಡರ ಸಂಖ್ಯೆಗಳೂ ಒಂದಾದ ಮೇಲೊಂದು ಸರದಿಯಲ್ಲಿ ಬರಬೇಕು. ನಮ್ಮ ಕಲಬುರಗಿ ಕಡೆ ತೊಗರಿ ಸಾಲುಗಳ ನಡುವೆ ಹೆಸರು ಬಿತ್ತುತ್ತಾರಲ್ಲ, ಸುಮಾರು ಹಾಗೆ.

ಸುಲಭದ ದಾರಿ ಅಂದರೆ ದುಪ್ಪಟ್ಟು ಮಾಡುತ್ತಾ ಹೋಗುವುದು. ಮೊದಲ ಸಾಲು 1, 2, 4, 8, 16. ಉಳಿದವುಗಳಲ್ಲಿ ಚಿಕ್ಕದು 3, ಹಾಗಾಗಿ ಎರಡನೇ ಸಾಲು 3, 6, 12, 24. ಆಮೇಲೆ 5, 10, 20, 40. ಮೊದಲ ಎರಡನ್ನು ಬೆರೆಸಿ ನೋಡಿ: 2, 3, 4, 6, 8, 12, 16, 24. ಸರದಿ ಎಲ್ಲೂ ತಪ್ಪಲ್ಲ. ಯಾಕೆ? 3 ಇರುವುದು 2 ಮತ್ತು 4ರ ನಡುವೆ. ಈ ಮೂರೂ ಸಂಖ್ಯೆಗಳನ್ನು ದುಪ್ಪಟ್ಟು ಮಾಡಿದರೆ 6 ಬಂದು 4 ಮತ್ತು 8ರ ನಡುವೆ ಕೂರಲೇಬೇಕು, ಅಲ್ವಾ? ಮುಂದೆಯೂ ಅದೇ ಕತೆ.

ದುಪ್ಪಟ್ಟೇ ಆಗಬೇಕೆಂದಿಲ್ಲ. ದೊಡ್ಡ ಸಂಖ್ಯೆಗೆ ದೊಡ್ಡ ಉತ್ತರವನ್ನೇ ಕೊಡುವ, 1ನ್ನು 1 ಆಗಿಯೇ ಉಳಿಸದ ಯಾವ ನಿಯಮವಾದರೂ ನಡೆಯುತ್ತದೆ. ಇಂಥ ಜೋಡಣೆಗಳೆಲ್ಲ ಹೀಗೇ ಹುಟ್ಟುತ್ತವೆ ಎಂದು ಗಣಿತಜ್ಞ ಕ್ಲಾರ್ಕ್ ಕಿಂಬರ್ಲಿಂಗ್ 1993ರಲ್ಲಿ ತೋರಿಸಿದರು.

ನನಗೆ ಜಾಸ್ತಿ ಇಷ್ಟವಾದದ್ದು ವೈಟ್‌ಹಾಫ್ ಜೋಡಣೆ: ಮೊದಲ ಸಾಲು 1, 2, 3, 5, 8; ಎರಡನೆಯದು 4, 7, 11, 18; ಮೂರನೆಯದು 6, 10, 16, 26. ಪ್ರತಿ ಸಾಲಿನಲ್ಲೂ ಹಿಂದಿನ ಎರಡು ಕೂಡಿದರೆ ಮುಂದಿನದು.

ಸುಮ್ನೆ ಹಂಚಿದರೆ ಮಾತ್ರ ಆಗಲ್ಲ. 2ರಿಂದ ಭಾಗವಾಗುವುದೆಲ್ಲ ಒಂದು ಸಾಲು, ಉಳಿದವುಗಳಲ್ಲಿ 3ರಿಂದ ಭಾಗವಾಗುವ 3, 9, 15 ಇನ್ನೊಂದು ಸಾಲು ಎಂದಿಟ್ಟುಕೊಳ್ಳಿ: 3 ಮತ್ತು 9ರ ನಡುವೆ 4, 6, 8 ಮೂರೂ ನುಗ್ಗುತ್ತವೆ.