ಮರಿ ತೆರೇಸ್‌ಳ ಗಂಡ, ಒಡಹುಟ್ಟಿದವರು

ಫ್ರಾನ್ಸ್‌ನ ದೊರೆ ಹದಿನಾರನೇ ಲೂಯಿಯ ಮಗಳು ಮರಿ ತೆರೇಸ್ ಯಾರನ್ನು ಮದುವೆಯಾದಳು, ಸಂತಾನವಿತ್ತಾ ಅಂತ ಕೇಳಿದ್ದೀರಿ. ಗಂಡ ಲೂಯಿ ಆಂಟ್ವಾನ್, ಆಂಗುಲೇಮ್‌ನ ಡ್ಯೂಕ್. ಅವಳ ಚಿಕ್ಕಪ್ಪ ಶಾರ್ಲ್‌ನ ಹಿರಿಮಗ. ನಮ್ಮ ಲೆಕ್ಕದಲ್ಲಿ ಅಣ್ಣನಾಗಬೇಕು! 1799ರ ಜೂನ್ 10ರಂದು ಈಗಿನ ಲಾಟ್ವಿಯಾದ ಮಿಟಾವ್‌ನಲ್ಲಿ ಮದುವೆ. ಮಕ್ಕಳಾಗಲಿಲ್ಲ.

ವಂಶವೃಕ್ಷ ಬರೆಯುವಾಗ ಎಡವುವುದು ತಮ್ಮಂದಿರ ಹತ್ತಿರ, ಇಬ್ಬರ ಹೆಸರೂ ಲೂಯಿಯಿಂದಲೇ ಶುರು. ಲೂಯಿ ಜೋಸೆಫ್ ತೀರಿಕೊಂಡಿದ್ದು 1789ರ ಜೂನ್‌ನಲ್ಲಿ, ಫ್ರೆಂಚ್ ಕ್ರಾಂತಿಯಲ್ಲಿ ಪ್ಯಾರಿಸ್‌ನ ಬಾಸ್ಟೀಲ್ ಕೋಟೆ ಬೀಳುವ ಮುನ್ನ. ಕ್ರಾಂತಿಕಾರರು ರಾಜಕುಟುಂಬವನ್ನು ಕೂಡಿಟ್ಟಿದ್ದ ಪ್ಯಾರಿಸ್‌ನ ಟಾಂಪ್ಲ್ ಸೆರೆಯಲ್ಲಿ 1795ರಲ್ಲಿ ಸತ್ತವನು ಲೂಯಿ ಶಾರ್ಲ್, ಹತ್ತು ವರ್ಷದ ಹುಡುಗ. ಅವನಿದ್ದ ಕೋಣೆಯ ಮೇಲಿನ ಮಹಡಿಯಲ್ಲೇ ಅಕ್ಕನಿದ್ದಳು, ನೋಡಲು ಬಿಡಲಿಲ್ಲ. ತಾಯಿ ಸತ್ತ ಸುದ್ದಿಯನ್ನೂ 1795ರವರೆಗೆ ಅವಳಿಗೆ ಹೇಳಿರಲಿಲ್ಲ. ತಂಗಿ ಸೋಫಿಯನ್ನು ಬಿಡಬೇಡಿ, ವರ್ಷ ತುಂಬುವ ಮೊದಲೇ ಹೋದ ಕೂಸು.

ಮರಿ ತೆರೇಸ್‌ಳ ಸಮಾಧಿಗೆ ಫ್ರಾನ್ಸ್‌ನಲ್ಲಿ ಹುಡುಕಬೇಡಿ. ಅದಿರುವುದು ಸ್ಲೊವೇನಿಯಾದ ಕೋಸ್ತಾನ್ಯೆವಿತ್ಸಾ ಮಠದಲ್ಲಿ, ಗಂಡ ಮತ್ತು ಮಾವನ ಜತೆ.