ಆಗುಂಬೆ ಹತ್ತಿ ಮಾಳಕ್ಕೆ ಇಳಿಯುವ ಸೈಕಲ್ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮಣಿಪಾಲದ ನಾಲ್ವರು ಗೆಳೆಯರು, ಎಲ್ಲರೂ ಮೂವತ್ತರಿಂದ ನಲವತ್ತರೊಳಗಿನವರು. ಭಾನುವಾರಗಳಲ್ಲಿ ಕಾಪು, ಕುಂದಾಪುರಗಳ ಕಡೆಗೆ 70–80 ಕಿ.ಮೀ. ಸೈಕಲ್ ತುಳಿಯುವ ರೂಢಿಯಿದೆ. ಬರುವ ಡಿಸೆಂಬರಿನಲ್ಲಿ ಉಡುಪಿಯಿಂದ ಹೊರಟು ಹೆಬ್ರಿ, ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಮಾಳ, ಕಾರ್ಕಳಗಳ ಮೂಲಕ ಒಂದೇ ದಿನದಲ್ಲಿ ಸುತ್ತಿ ಬರಬೇಕೆಂದಿದ್ದೇವೆ. ಆಗುಂಬೆ ಘಾಟಿ ಹತ್ತಿದರೆ ಅರ್ಧ ಗೆದ್ದಂತೆ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಸಿದ್ಧರಾಗಬೇಕು?

ಉತ್ತರ: ನೀವು ಆರಿಸಿಕೊಂಡ ಸುತ್ತು ಕರಾವಳಿಯಿಂದ ಮಲೆನಾಡಿಗೆ ಹೋಗಿ ಬರುವ ದಾರಿಗಳಲ್ಲಿ ಅತ್ಯಂತ ಸುಂದರವಾದವುಗಳಲ್ಲಿ ಒಂದು, ಮತ್ತು ಒಂದು ದಿನಕ್ಕೆ ಅದು ನಿಜಕ್ಕೂ ಕಠಿಣವಾದದ್ದು. ಒಟ್ಟು ದೂರ 170–180 ಕಿ.ಮೀ. ಆಸುಪಾಸಿನಲ್ಲಿ ಬರುತ್ತದೆ. ಆದರೆ ಆಗುಂಬೆ ಹತ್ತಿದರೆ ಅರ್ಧ ಗೆದ್ದಂತೆ ಎಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಆಗುಂಬೆ ಉಡುಪಿಯಿಂದ ಸುಮಾರು 55 ಕಿ.ಮೀ. ದೂರದಲ್ಲಿದೆ, ಅಂದರೆ ಅಲ್ಲಿ ತಲುಪಿದಾಗ ಮೂರನೆಯ ಒಂದು ಭಾಗವಷ್ಟೇ ಮುಗಿದಿರುತ್ತದೆ. ಈ ಸವಾರಿಯ ಕಷ್ಟವಿರುವುದು ಶೃಂಗೇರಿ ದಾಟಿದ ಮೇಲೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವ ಕಾಡಿನ ದಾರಿಯಲ್ಲಿ. ಆದ್ದರಿಂದ ಯೋಜನೆಯನ್ನು ಉಡುಪಿಯಿಂದ ಆರಂಭಿಸದೆ, ಆ ಕಾಡಿನ ದಾರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ.

ಡಿಸೆಂಬರಿನಲ್ಲಿ ನಮ್ಮ ಕಡೆ ಸಂಜೆ ಆರು ದಾಟಿದ ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡಿನ ನೆರಳಿನಲ್ಲಿ ಬೆಳಕು ಅದಕ್ಕೂ ಮೊದಲೇ ಕುಂದುತ್ತದೆ. ಮುಸ್ಸಂಜೆ ಹೊತ್ತಿಗೆ ಕಾಟಿಗಳು (ಕಾಡುಕೋಣಗಳು) ರಸ್ತೆಯಂಚಿಗೆ ಬರುವುದುಂಟು. ಹಾಗಾಗಿ ಹಗಲು ಮೂರೂವರೆಯೊಳಗೆ ನೀವು ಮಾಳದ ಇಳಿಜಾರನ್ನು ಮುಗಿಸಿ, ಮಾಳ ಮತ್ತು ಕಾರ್ಕಳಗಳ ನಡುವಿನ ಬಜಗೋಳಿಯಲ್ಲಿರಬೇಕು. ಅದಕ್ಕಾಗಿ ಶೃಂಗೇರಿಯನ್ನು ಹನ್ನೊಂದೂವರೆಗೆ, ತೀರಾ ತಡವೆಂದರೆ ಹನ್ನೆರಡಕ್ಕೆ ಬಿಡಬೇಕು. ಅದಕ್ಕಾಗಿ ಆಗುಂಬೆಯನ್ನು ಒಂಬತ್ತಕ್ಕೆ ಬಿಡಬೇಕು. ಅದಕ್ಕಾಗಿ ಉಡುಪಿಯಿಂದ ಬೆಳಗಿನ ಐದಕ್ಕೆ ಹೊರಡಲೇಬೇಕು. ಮೊದಲ ಒಂದೂವರೆ ಗಂಟೆ ಕತ್ತಲಿರುವುದರಿಂದ ಮುಂದೆ ಒಳ್ಳೆಯ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ. ಹನ್ನೆರಡು ದಾಟಿಯೂ ನೀವು ಶೃಂಗೇರಿಯಲ್ಲೇ ಇದ್ದರೆ, ಅಂದು ಅಲ್ಲಿಯೇ ಉಳಿಯುವುದೆಂದು ಮನೆಯಲ್ಲಿದ್ದಾಗಲೇ ನಾಲ್ವರೂ ಒಪ್ಪಿಕೊಳ್ಳಿ. ದಣಿದ ಗುಂಪು ದಾರಿಯಲ್ಲಿ ಕೈಗೊಳ್ಳುವ ನಿರ್ಧಾರಗಳನ್ನು ನಾನು ನಂಬುವುದಿಲ್ಲ. ಶೃಂಗೇರಿಯಲ್ಲಿ ವಸತಿಯಿದೆ, ಬಸ್ಸುಗಳಿವೆ, ಮಠದಲ್ಲಿ ಮಧ್ಯಾಹ್ನದ ಪ್ರಸಾದವೂ ಇದೆ. ಕೆರೆಕಟ್ಟೆ ದಾಟಿದ ಮೇಲೆ ಇವು ಯಾವುವೂ ಇಲ್ಲ.

ಇನ್ನು ಘಾಟಿಯ ವಿಚಾರ. ಪರ್ಕಳ, ಹಿರಿಯಡ್ಕ, ಪೆರ್ಡೂರುಗಳ ಮೇಲಿನ ದಾರಿ ಸಮತಟ್ಟಾದುದಲ್ಲ. ಸಣ್ಣ ಏರಿಳಿತಗಳು ಸಾಲಾಗಿ ಬರುತ್ತವೆ. ಬೆಳಗಿನ ತಂಪಿನ ಹುರುಪಿನಲ್ಲಿ ಅಲ್ಲಿ ಜೋರಾಗಿ ತುಳಿದವರು ಘಾಟಿಯ ಬುಡದ ಸೋಮೇಶ್ವರಕ್ಕೆ ಬರುವಾಗಲೇ ಸೋತಿರುತ್ತಾರೆ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ. ದಾರಿಯಲ್ಲಿ 500 ಮೀಟರಿಗೂ ಹೆಚ್ಚು ಎತ್ತರ ಏರಬೇಕು, ಅದರಲ್ಲಿ 14 ಹೇರ್‌ಪಿನ್ ತಿರುವುಗಳು. ಈ ಏರನ್ನು ಮುಗಿಸಲು ಒಂದೂಕಾಲು ಗಂಟೆ ತೆಗೆದುಕೊಳ್ಳಿ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ಉಸಿರು ಉಳಿದಿದ್ದರೆ ನಿಮ್ಮ ವೇಗ ಸರಿಯಿದೆಯೆಂದು ತಿಳಿಯಿರಿ.

ತಿರುವುಗಳ ಬಗ್ಗೆ ಒಂದು ಮಾತನ್ನು ಗಮನವಿಟ್ಟು ಓದಿ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ, ರಸ್ತೆ ಬಲಕ್ಕೆ ಹೊರಳುವಲ್ಲಿ ಏರುವವರಿಗೆ ಹೊರಸುತ್ತು ಸಿಗುತ್ತದೆ; ಅಲ್ಲಿ ದೂರ ಹೆಚ್ಚು, ಏರು ಸೌಮ್ಯ. ಎಡಕ್ಕೆ ಹೊರಳುವಲ್ಲಿ ಒಳಸುತ್ತು ಸಿಗುತ್ತದೆ. ಅಲ್ಲಿ ಏರು ಒಮ್ಮೆಲೇ ಕಡಿದಾಗುತ್ತದೆ. ಆದ್ದರಿಂದ ಎಡತಿರುವು ಕಾಣಿಸಿದ ಕೂಡಲೇ, ಪೆಡಲಿನ ಮೇಲೆ ಭಾರ ಬೀಳುವ ಮೊದಲೇ, ಗೇರನ್ನು ಹಗುರಕ್ಕೆ ಇಳಿಸಿಕೊಳ್ಳಿ. ಮೇಲಿಂದ ಇಳಿಯುವ ಮಿನಿ ಬಸ್ಸುಗಳಿಗೆ ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಹಾರನ್ ಕೇಳಿಸಿದರೆ ತಿರುವಿಗೆ ಮುಂಚೆಯೇ ನಿಂತು ದಾರಿ ಬಿಡಿ, ನಿಂತದ್ದಕ್ಕೆ ಬೇಸರ ಬೇಡ. ತಿರುವುಗಳಲ್ಲಿ ಮಂಗಗಳು ಕೂತಿರುತ್ತವೆ. ಬಾಳೆಹಣ್ಣು, ಚಿಕ್ಕಿಗಳನ್ನು ಅವುಗಳ ಕಣ್ಣಿಗೆ ಬೀಳದಂತೆ ಚೀಲದೊಳಗಿಡಿ ಮತ್ತು ಯಾವ ಕಾರಣಕ್ಕೂ ಅವುಗಳಿಗೆ ತಿನ್ನಲು ಕೊಡಬೇಡಿ. ಸೋಮೇಶ್ವರ ವನ್ಯಜೀವಿಧಾಮ ಸಿಂಗಳೀಕಗಳಿಗೂ ಕಾಳಿಂಗ ಸರ್ಪಗಳಿಗೂ ನೆಲೆಯಾದ ಕಾಡು. ಅಲ್ಲಿ ನಾವು ಹಾದುಹೋಗುವವರು ಮಾತ್ರ.

ನಿಮ್ಮ ಸೈಕಲ್‌ಗಳ ಗೇರ್ ಯಾವುದೆಂದು ನೀವು ಬರೆದಿಲ್ಲ. ಕರಾವಳಿಯ ಹೆದ್ದಾರಿಯಲ್ಲಿ ನಡೆಯುವ ಗೇರ್ ಇಲ್ಲಿ ನಡೆಯುವುದಿಲ್ಲ. ಮುಂದಿನ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 32 ಹಲ್ಲು ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದು ಗಂಟೆಗೆ 8 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ಏರಬಹುದು. ಹಿಂದೆ 25 ಹಲ್ಲು ಮಾತ್ರ ಇದ್ದರೆ ಅಷ್ಟೇ ಸುತ್ತುಗಳಿಗೆ ಗಂಟೆಗೆ 10 ಕಿ.ಮೀ.ಗೂ ಹೆಚ್ಚಿನ ವೇಗ ಬೇಕಾಗುತ್ತದೆ. ಅದನ್ನು ಉಳಿಸಿಕೊಳ್ಳಲಾಗದವರು ಮಂಡಿಯ ಮೇಲೆ ಭಾರ ಹಾಕಿ ನಿಧಾನವಾಗಿ ಒತ್ತುತ್ತಾರೆ, ನೋವು ಮಧ್ಯಾಹ್ನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹೆಚ್ಚು ಹಲ್ಲುಗಳ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಂಪು) ಹಾಕಿಸುವುದು ಹಗುರವಾದ ಹೊಸ ಚಕ್ರ ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಟಯರ್ 28 ಮಿ.ಮೀ. ಅಗಲದ್ದಿರಲಿ.

ಆಗುಂಬೆಯಿಂದ ಶೃಂಗೇರಿಗೆ 28 ಕಿ.ಮೀ.ಯಷ್ಟು ಮಲೆನಾಡಿನ ಏರಿಳಿತದ ದಾರಿ. ಶೃಂಗೇರಿಯ ನಂತರ ನೆಮ್ಮಾರಿನವರೆಗೆ ತುಂಗೆ ಜೊತೆಗಿರುತ್ತಾಳೆ, ಆಮೇಲೆ ಕಾಡು ದಟ್ಟವಾಗುತ್ತ ಏರು ಮತ್ತೆ ಶುರುವಾಗುತ್ತದೆ. ಈ ದಾರಿಯಲ್ಲಿ ಅರಣ್ಯ ಇಲಾಖೆಯ ತನಿಖಾ ಠಾಣೆಗಳಿವೆ. ಸೈಕಲ್ ಸವಾರರಿಗೆ ಅಂದಿನ ನಿಯಮವೇನೆಂದು ಒಂದು ವಾರ ಮೊದಲೇ ವನ್ಯಜೀವಿ ವಿಭಾಗದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಠಾಣೆಯ ಮುಂದೆ ನಿಂತು ವಾದಿಸುವುದರಿಂದ ಪ್ರಯೋಜನವಿಲ್ಲ. ಮೊಬೈಲ್ ಸಿಗ್ನಲ್ ಬಹುತೇಕ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಂಡು, ಶೃಂಗೇರಿ ಬಿಟ್ಟ ಸಮಯ, ಬಜಗೋಳಿ ಮುಟ್ಟಬೇಕಾದ ಸಮಯ ಎರಡನ್ನೂ ಮನೆಯವರಿಗೆ ತಿಳಿಸಿ ಹೊರಡಿ. ಪ್ರತಿಯೊಬ್ಬರಲ್ಲೂ ಎರಡು ಟ್ಯೂಬ್, ಪಂಪ್, ಚೈನ್ ಜೋಡಿಸುವ ಉಪಕರಣ ಇರಲೇಬೇಕು. ಸಿಂಗಲ್ ಫೈಲ್ ಆಗಿ ಸಾಗಿ, ಆದರೆ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು ಹತ್ತಿರವಿರಿ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯಾದ ಎಸ್.ಕೆ. (ಸೌತ್ ಕೆನರಾ) ಬಾರ್ಡರ್‌ನಿಂದ ಮಾಳದ ಕಡೆಗಿನ ಇಳಿಜಾರು ಇಡೀ ದಿನದ ಅತ್ಯಂತ ಅಪಾಯದ ಭಾಗವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿಗೆ ಬರುವಾಗ ಕೈಕಾಲುಗಳ ಜೊತೆಗೆ ಗಮನವೂ ದಣಿದಿರುತ್ತದೆ. ಬ್ರೇಕನ್ನು ಒತ್ತಿಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಸಾಧ್ಯತೆಯಿದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ನೆರಳಿರುವ ಕಡೆ ತೇವವಾದ ತರಗೆಲೆ, ಪಾಚಿಗಳಿರುತ್ತವೆ. ಹೊರಡುವ ವಾರದಲ್ಲಿ ಬ್ರೇಕ್ ಪ್ಯಾಡ್ ಬದಲಿಸಿ.

ಊಟತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಸಿವಾಗುವ ಮೊದಲೇ ಅರ್ಧ ಗಂಟೆಗೊಮ್ಮೆ ಬಾಳೆಹಣ್ಣು, ಚಿಕ್ಕಿ, ಖರ್ಜೂರ ತಿನ್ನಿ. ಕರಾವಳಿಯ ಸೆಕೆಯಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು, ಒಂದು ಬಾಟಲಿಗೆ ಉಪ್ಪು ಸಕ್ಕರೆ ಬೆರೆಸಿಕೊಳ್ಳಿ. ಶೃಂಗೇರಿಯಲ್ಲಿ ಎರಡೂ ಬಾಟಲಿ ತುಂಬಿಸದೆ ಹೊರಡಬೇಡಿ.

ಭಾನುವಾರದ 80 ಕಿ.ಮೀ. ಅಭ್ಯಾಸ ಇದಕ್ಕೆ ಸಾಲುವುದಿಲ್ಲ. ನವೆಂಬರಿನಲ್ಲಿ ಒಮ್ಮೆ ಆಗುಂಬೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ಸುಮಾರು 110 ಕಿ.ಮೀ. ಆಗುತ್ತದೆ. ಮರುದಿನ ಬೆಳಿಗ್ಗೆ ಒಂದು ಗಂಟೆ ಸೈಕಲ್ ತುಳಿಯಲು ನಾಲ್ವರಿಗೂ ಆದರೆ ದೊಡ್ಡ ಸುತ್ತಿಗೆ ತಯಾರಾಗಿದ್ದೀರಿ. ಆಗದಿದ್ದರೆ ಶೃಂಗೇರಿಯಲ್ಲಿ ರಾತ್ರಿ ತಂಗಿ ಎರಡು ದಿನದಲ್ಲಿ ಮುಗಿಸಿ. ಕಾಡನ್ನು ಬೆಳಗಿನ ಬೆಳಕಿನಲ್ಲಿ ದಾಟುವ ಆ ಯೋಜನೆಯೇ ನನಗೆ ಹೆಚ್ಚು ಇಷ್ಟ.

ಪ್ರಶ್ನೆ: ಮಳೆಗಾಲದ ಆಗುಂಬೆಯನ್ನು ಸೈಕಲ್ ಮೇಲೆ ನೋಡಬೇಕೆಂಬ ಬಹಳ ದಿನದ ಆಸೆಯಿದೆ. ಜುಲೈನಲ್ಲಿ ಹೋಗಬಹುದೇ? (ಕುಂದಾಪುರದ ಓದುಗರು)

ಉತ್ತರ: ಬೇಡ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಂಜಿನಲ್ಲಿ ತಿರುವಿನಾಚೆಯ ವಾಹನಕ್ಕೆ ನೀವು ಕಾಣುವುದಿಲ್ಲ, ಒದ್ದೆಯಾದ ರಿಮ್ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಧರೆ ಕುಸಿಯುವ ಭಯ ಬೇರೆ. ಆ ಕಾಲದ ಆಗುಂಬೆಯನ್ನು ಬಸ್ಸಿನಲ್ಲಿ ಹೋಗಿ ನೋಡಿ. ಸೈಕಲ್ ಮೇಲೆ ಹೋಗುವ ಆಸೆಯನ್ನು ಅಕ್ಟೋಬರ್ ಕೊನೆಗೆ ಇಟ್ಟುಕೊಳ್ಳಿ. ಆಗಲೂ ತೊರೆಗಳಲ್ಲಿ ನೀರಿರುತ್ತದೆ, ಕಾಡು ಹಸಿರಾಗಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದುಂಟಾದ್ದರಿಂದ ಹನ್ನೊಂದರೊಳಗೆ ಘಾಟಿ ಇಳಿದು ಹೆಬ್ರಿ ಸೇರಿಕೊಳ್ಳಿ.