ಕಿಟ್ ಆಮೇಲೆ, ಮೊದ್ಲು ಬಟ್ಟೆ ಕ್ಲಿಪ್ಪು

ಪ್ರಶ್ನೆ: ಮೇಡಂ, ನಾವಿರೋದು ವಿರಾಜಪೇಟೆ ಹತ್ರ ತೋಟದಲ್ಲಿ. ಮಗ ಆರನೇ ಕ್ಲಾಸು, ಮಗಳು ಮೂರನೇ ಕ್ಲಾಸು, ಇಬ್ರಿಗೂ ರೋಬೋಟ್ ಹುಚ್ಚು. ಆನ್‌ಲೈನಲ್ಲಿ ಒಂದು ಕಿಟ್ ತರಿಸಿದ್ವಿ, ಎರಡು ದಿನ ಓಡಿಸಿದ್ರು, ಈಗ ಅಟ್ಟದ ಮೇಲಿದೆ. ಕ್ಲಾಸಿಗೆ ಅಂತ ಮೈಸೂರಿಗೆ ಕಳ್ಸೋಕಂತೂ ಆಗಲ್ಲ. ನಂಗೆ ಎಲೆಕ್ಟ್ರಾನಿಕ್ಸ್ ಏನೂ ಬರಲ್ಲ. ಮನೇಲೇ ಏನಾದ್ರೂ ಕಲಿಸ್ಬೋದಾ?
– ಒಬ್ರು ತಾಯಿ, ವಿರಾಜಪೇಟೆ ತಾಲ್ಲೂಕು

ಉತ್ತರ: ಧಾರಾಳವಾಗಿ ಕಲಿಸ್ಬೋದು. ಕಿಟ್ ಅಟ್ಟ ಹತ್ತಿದ್ದಕ್ಕೆ ಮಕ್ಕಳನ್ನ ಮಾತ್ರ ಬೈಬೇಡಿ, ತುಂಬಾ ಕಿಟ್‌ಗಳಲ್ಲಿ ಯೋಚ್ನೆ ಮಾಡೋ ಕೆಲಸವನ್ನ ಕಂಪನಿಯವ್ರೇ ಮುಗಿಸಿರ್ತಾರೆ, ಮಗೂಗೆ ಉಳಿಯೋದು ಸ್ಕ್ರೂ ತಿರುಗ್ಸೋದು, ಅದು ಮುಗಿದ್ಮೇಲೆ ಆಟಾನೂ ಮುಗೀತು.

ಸಾಧ್ಯ ಆದ್ರೆ, ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ (ಒಣಗಿದ ಕಾಫಿ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾರ್ಖಾನೆ) ಯಾರಾದ್ರೂ ಪರಿಚಯದವ್ರಿದ್ರೆ ಒಂದ್ಸಲ ಮಕ್ಕಳನ್ನ ಕರ್ಕೊಂಡು ಹೋಗಿ ಕಲರ್ ಸಾರ್ಟರ್, ಅಂದ್ರೆ ಬಣ್ಣ ನೋಡಿ ಬೀಜ ಬೇರೆ ಮಾಡೋ ಮೆಷಿನ್ ತೋರಿಸಿ. ಬೀಜ ಮೇಲಿಂದ ಬೀಳ್ತಾ ಇರುತ್ತೆ, ಕ್ಯಾಮೆರಾ ಒಂದೊಂದನ್ನೂ ನೋಡುತ್ತೆ, ಕಪ್ಪು ಬೀಜ ಕಂಡ ತಕ್ಷಣ ಪುಸ್ ಅಂತ ಗಾಳಿ ಊದಿ ಆಚೆ ತಳ್ಳುತ್ತೆ. ಕೈಯಿಲ್ಲ, ಕಾಲಿಲ್ಲ, ಮುಖ ಇಲ್ಲ, ಆದ್ರೂ ನೋಡುತ್ತೆ, ತೀರ್ಮಾನ ಮಾಡುತ್ತೆ, ಕೆಲಸ ಮಾಡುತ್ತೆ. ರೋಬೋಟಿಕ್ಸಿನ ಬುಡ ಇಷ್ಟೇ ಅಂತ ಮಕ್ಕಳಿಗೆ ಅಲ್ಲೇ ನಿಂತು ಹೇಳಿ.

ಇನ್ನು ಮನೇಲಿ ಮಾಡೋಕೆ. ಕಣದಲ್ಲಿ ಕಾಫಿ ಒಣಗಕ್ಕೆ ಹಾಕಿರ್ತೀರ, ಜನವರೀಲಿ ಇದ್ದಕ್ಕಿದ್ದ ಹಾಗೆ ಮಳೆ ಬಂದ್ರೆ ಎಲ್ರೂ ಟಾರ್ಪಾಲ್ ಹಿಡ್ಕೊಂಡು ಓಡೋದು ನಿಮ್ಗೆ ಗೊತ್ತಲ್ಲ, ಅದೇ ಮೊದಲ ಪಾಠ: ಮಳೆ ಬಂದ್ರೆ ಕೂಗೋ ಅಲಾರಂ. ಪ್ಲಾಸ್ಟಿಕ್ಕಿಂದೋ ಮರದ್ದೋ ಒಂದು ಬಟ್ಟೆ ಕ್ಲಿಪ್ ತಗೊಳ್ಳಿ, ಅದರ ಎರಡು ಬಾಯಿಗೂ ಬೇರೆ ಬೇರೆಯಾಗಿ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಒಂದೊಂದು ವೈರ್ ಸಿಕ್ಕಿಸಿ, ಎರಡು ಪೆನ್ಸಿಲ್ ಸೆಲ್ಲು, 3 ವೋಲ್ಟಲ್ಲಿ ಕೂಗೋ ಒಂದು ಬಜರ್, ಎಲ್ಲಾನೂ ಒಂದರ ಹಿಂದೆ ಒಂದು ಬರೋ ಹಾಗೆ ಒಂದೇ ಸರ್ಕ್ಯೂಟಲ್ಲಿ ಸೇರ್ಸಿ. ಕ್ಲಿಪ್ಪಿನ ಬಾಯಲ್ಲಿ ತೆಳ್ಳಗಿನ ಬೆಲ್ಲದ ಚೂರು ಇಡಿ. ಬೆಲ್ಲ ಇರೋ ತನಕ ಫಾಯಿಲ್‌ಗೆ ಫಾಯಿಲ್ ತಾಗಲ್ಲ, ಮಳೆ ಬಿದ್ದು ಬೆಲ್ಲ ಕರಗಿದ್ರೆ ಬಾಯಿ ಮುಚ್ಚುತ್ತೆ, ಬಜರ್ ಕೂಗುತ್ತೆ.

ನಮ್ಮನೇಲಿ ಇದನ್ನ ಮಳೆ ರಜೇಲಿ ಮಾಡಿ ಜಗಲೀಲಿ ಇಟ್ಟಿದ್ವಿ. ಜುಲೈ ತಿಂಗಳ ಮಡಿಕೇರಿ ಥಂಡಿ ಕೇಳ್ಬೇಕಾ, ಒಂದು ಹನೀನೂ ಬೀಳದೆ ಬೆಲ್ಲ ತಾನಾಗೇ ನೀರು ಬಿಟ್ಟು ರಾತ್ರಿ ಎರಡು ಗಂಟೆಗೆ ಹೊಡ್ಕೊಳ್ಳೋಕೆ ಶುರು ಆಯ್ತು! ಎಲ್ರೂ ಎದ್ದು ಕೂತ್ವಿ. ಬೆಳಿಗ್ಗೆ ನನ್ನ ತಂಗಿ ಮಗಳು ಬೆಲ್ಲದ ಬದಲು ಕಲ್ಲುಸಕ್ಕರೆ ಇಟ್ಲು, ಅದು ಥಂಡಿಗೆ ತಡ್ಕೊಂಡ್ತು, ಆದ್ರೆ ನೀರು ಹಾಕಿದ್ರೂ ಬೇಗ ಕರಗಲಿಲ್ಲ, ಕೊನೆಗೆ ಅವ್ಳೇ ಕುಟ್ಟಿ ತೆಳ್ಳಗಿನ ಚೂರು ಹುಡುಕಿ ಇಟ್ಲು. ನಾನು ಬಾಯೇ ಬಿಡ್ಲಿಲ್ಲ. ಡಿಸೈನ್ ಅಂತಾರಲ್ಲ, ಆ ಹುಡುಗಿ ಅವತ್ತು ಮಾಡಿದ್ದು ಅದೇನೇ, ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ ಈಗ್ಲೂ ಆ ಕ್ಲಿಪ್ ಇಟ್ಕೊಂಡಿದ್ದೀನಿ.

ಮಗಳಿಗೆ ಸಿರಿಂಜ್ ಜೆಸಿಬಿ ಚೆನ್ನಾಗಿರುತ್ತೆ. ಮೆಡಿಕಲ್ ಶಾಪಿಂದ ಸೂಜಿ ಇಲ್ಲದ ಹೊಸ ಸಿರಿಂಜ್ 5 ಎಂಎಲ್‌ದೊಂದು 10 ಎಂಎಲ್‌ದೊಂದು ತನ್ನಿ, ಆಸ್ಪತ್ರೇಲಿ ಗ್ಲೂಕೋಸ್ ಹಾಕೋ ಡ್ರಿಪ್ ಪೈಪಲ್ಲಿ ಎರಡನ್ನೂ ಸೇರ್ಸಿ ನೀರು ತುಂಬಿ. ಚಿಕ್ಕದನ್ನ ಒತ್ತಿದ್ರೆ ದೊಡ್ಡದು ಕಮ್ಮಿ ದೂರ ಸರಿಯುತ್ತೆ ಆದ್ರೆ ಜೋರಾಗಿ ತಳ್ಳುತ್ತೆ, ಅದಕ್ಕೆ ರಟ್ಟಿನ ತೋಳು ಕಟ್ಟಿದ್ರೆ ಜೆಸಿಬಿ ರೆಡಿ. ಒಳಗೆ ಗಾಳಿ ಗುಳ್ಳೆ ಉಳಿದ್ರೆ ತೋಳು ಮೆತ್ತಗಾಗುತ್ತೆ, ಯಾಕೆ ಅಂತ ಅವ್ಳೇ ಕಂಡು ಹಿಡೀಲಿ.

ನಿಮಗೆ ಎಲೆಕ್ಟ್ರಾನಿಕ್ಸ್ ಬರದೇ ಇರೋದೇ ಒಳ್ಳೇದಾಯ್ತು ಅಂತೀನಿ, ಉತ್ತರ ಗೊತ್ತಿರೋವ್ರು ಬೇಗ ಕೈ ಹಾಕ್ಬಿಡ್ತಾರೆ. ನೀವು ಕೇಳ್ಬೇಕಾಗಿರೋದು ಎರಡೇ: ಕಟ್ಟೋ ಮೊದ್ಲು "ಚಿತ್ರ ಬರ್ದು ತೋರ್ಸು", ಕೆಟ್ಟಾಗ "ಈಗ ಯಾವ್ದನ್ನ ಬದಲಾಯಿಸ್ತೀಯಾ?" ಒಂದು ಸಲಕ್ಕೆ ಒಂದನ್ನೇ ಬದಲಾಯಿಸ್ಲಿ, ಇಲ್ಲಾಂದ್ರೆ ಯಾವುದ್ರಿಂದ ಸರಿ ಹೋಯ್ತು ಅನ್ನೋದೇ ಗೊತ್ತಾಗಲ್ಲ. ಪ್ಲಗ್ ಪಾಯಿಂಟ್ 230 ವೋಲ್ಟು, ಅದರ ಹತ್ರ ಮಾತ್ರ ಬಿಡ್ಬೇಡಿ, ಹಳೇ ಮೊಬೈಲ್ ಬ್ಯಾಟರಿನೂ ಬಿಚ್ಚೋಕೆ ಬಿಡ್ಬೇಡಿ.

ಪ್ರಶ್ನೆ: ಸೋಮವಾರಪೇಟೆ ಕಡೆ ಸರ್ಕಾರಿ ಶಾಲೇಲಿ ಟೀಚರ್ ನಾನು. 28 ಮಕ್ಕಳು, ತುಂಬಾ ಜನ ತೋಟದ ಲೈನ್ ಮನೆಯವ್ರು, ಅಂದ್ರೆ ತೋಟದ ಕೂಲಿ ಕಾರ್ಮಿಕರ ಮಕ್ಕಳು. ದುಡ್ಡಿಲ್ಲ, ಏನು ಮಾಡ್ಲಿ?

ಉತ್ತರ: ಟೀಚರ್, ನಾಲ್ಕು ನಾಲ್ಕು ಮಕ್ಕಳ ಏಳು ಗುಂಪು ಮಾಡಿ, ಗುಂಪಿಗೆ ಒಂದೇ ಮೋಟಾರ್ ಸಾಕು. ಹಾಳಾದ ಆಟದ ಕಾರು ತರೋಕೆ ಹೇಳಿ, ಮೋಟಾರ್ ಅದ್ರಲ್ಲೇ ಸಿಗುತ್ತೆ. ಮೋಟಾರಿನ ಕಡ್ಡಿಗೆ ರಬ್ಬರ್ ತುಂಡನ್ನ ಓರೆಯಾಗಿ ಚುಚ್ಚಿ, ಸೆಲ್ ಜೋಡ್ಸಿ ಪೇಪರ್ ಲೋಟದ ಮೇಲೆ ಕೂರ್ಸಿ, ಲೋಟಕ್ಕೆ ಮೂರು ಸ್ಕೆಚ್ ಪೆನ್ ಕಾಲು ಕಟ್ಟಿದ್ರೆ ಅದು ನಡುಗ್ತಾ ನೆಲದ ಮೇಲಿಟ್ಟ ಹಾಳೇಲಿ ಚಿತ್ರ ಬಿಡಿಸುತ್ತೆ. ಕಸದಿಂದ ಆಟಿಕೆ ಮಾಡೋದನ್ನ ದೇಶಕ್ಕೆಲ್ಲ ಕಲಿಸಿದ ಅರವಿಂದ್ ಗುಪ್ತಾ ಅವ್ರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅವ್ರ ವೀಡಿಯೊಗಳು ಪುಕ್ಕಟೆ ಸಿಗುತ್ತೆ, ನೋಡಿ. ಲೈನ್ ಮನೆ ಮಕ್ಕಳು ತಂತಿ, ರಟ್ಟು, ಬಿದಿರು ಹಿಡಿಯೋದ್ರಲ್ಲಿ ತುಂಬಾ ಚುರುಕು, ಅವ್ರನ್ನ ಹಿಂದಿನ ಬೆಂಚಲ್ಲಿ ಬಿಡ್ಬೇಡಿ ದಯವಿಟ್ಟು.

ಪ್ರಶ್ನೆ: ಕೋಡಿಂಗ್ ಯಾವಾಗ ಶುರು ಮಾಡ್ಬೇಕು? ಆರ್ಡುಯಿನೊ (ಕೋಡ್ ಬರ್ದು ಮೋಟಾರ್, ಬಜರ್ ನಡೆಸೋ ಸಣ್ಣ ಸರ್ಕ್ಯೂಟ್ ಬೋರ್ಡ್) ಈಗ್ಲೇ ಕೊಡಿಸ್ಲಾ? ಮಗನಿಗೆ 9 ವರ್ಷ. – ನಾಪೋಕ್ಲು

ಉತ್ತರ: ಈಗ್ಲೇ ಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು 2007ರಲ್ಲಿ ಬಿಟ್ಟ ಸ್ಕ್ರ್ಯಾಚ್ ಅನ್ನೋ ಕೋಡಿಂಗ್ ಸಾಫ್ಟ್‌ವೇರ್ ಇದೆ, 8 ವರ್ಷದ ಮೇಲಿನ ಮಕ್ಕಳಿಗೇ ಅಂತ ಮಾಡಿರೋದು, ದುಡ್ಡು ಕೊಡೋ ಹಾಗಿಲ್ಲ, ಕಂಪ್ಯೂಟರ್ ಪರದೆ ಮೇಲೆ ಬ್ಲಾಕ್ ಜೋಡ್ಸಿದ್ರೆ ಆಯ್ತು. ಒಂದ್ಸಲ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ಓಡುತ್ತೆ, ನಾಪೋಕ್ಲು ಮಳೇಲಿ ಅದು ದೊಡ್ಡ ಉಪಕಾರ. ಆರ್ಡುಯಿನೊನ ಅವ್ನು ತಾನಾಗೇ "ಬಜರ್ ಮೂರು ಸಲ ಕೂಗಿ ನಿಲ್ಬೇಕು, ಹೆಂಗೆ?" ಅಂತ ಕೇಳಿದ ದಿನ ತಂದುಕೊಡಿ.